ಮೂರ್ಬಾಯಿಯಲ್ಲಿ ಉಳಿದದ್ದು

ಅತನೂರ
19 ಜನವರಿ 2025

ದ್ರೌಪದಿ ಅಕ್ಕನಿಗೆ ತಮ್ಮ ಚಂದ್ರಾಮನ ಜೈಭೀಮ್.

ಇಲ್ಲಿ ಎಲ್ಲರೂ ಕ್ಷೇಮ, ನನ್ನೊಬ್ಬನನ್ನು ಬಿಟ್ಟು. ನೀನು ಮತ್ತೆ ಮತ್ತೆ ಫೋನ್ ಹಚ್ಚಿದ್ದು ನೋಡಿದ್ದೇನೆ. ಎತ್ತುವುದಿಲ್ಲ. ಉಳಿದದ್ದು ಎಲ್ಲಿ ಹೋಯಿತು ಅಂತ ತೋರಿಸುವ ತನಕ ನಿನ್ನ ಜೊತೆ ಮಾತಾಡುವುದಿಲ್ಲ ಎಂದು ಅವ್ವನ ರಾಶಿ ಮುಟ್ಟಿ ಆಣೆ ಮಾಡಿದ್ದೇನೆ. ರಾಶಿ ಮುಟ್ಟಿದ ಆಣೆ ತಪ್ಪಿದರೆ ಮುಂದಿನ ವರ್ಷ ತೊಗರಿ ಹೂವು ಉದುರುತ್ತದೆ ಅಂತಾರೆ. ನನ್ನ ಸಿಟ್ಟಿಗೆ ಹೊಲ ಯಾಕೆ ದಂಡ ಕಟ್ಟಬೇಕು? ಆದರೆ ಮಾತಾಡುವುದಿಲ್ಲ ಅಂದಿದ್ದೆ, ಬರೆಯುವುದಿಲ್ಲ ಅಂದಿರಲಿಲ್ಲ. ವಾಟ್ಸಾಪ್ ನಡೆಯುತ್ತದೋ ಎಂದೂ ಯೋಚಿಸಿದೆ. ಅದು ಫೋನಿನಿಂದಲೇ ಬರುವುದರಿಂದ ಅರ್ಧ ಮಾತು ಆಡಿದಂತೆ. ಪೋಸ್ಟಿನದು ಪೂರಾ ಬರವಣಿಗೆ. ಅದಕ್ಕೇ ಈ ಪತ್ರ.

ಅಕ್ಕಾ, ಮೂರ್ಬಾಯಿಯನ್ನು ನಾನು ಮಾಡಿದ್ದು ಯಾಕೆ? ಪ್ರತಿ ವರ್ಷ ಅವ್ವ ಕಣದಲ್ಲಿ ಕುಳಿತು, ಸೇರಿನಿಂದ ಅಳೆದು, ನಿನಗೆ, ನನಗೆ, ಮಾದನಹಿಪ್ಪರಗಾದ ರಮಾಬಾಯಿ ಅಕ್ಕನಿಗೆ ಮೂರು ಪಾಲು ಹಾಕುತ್ತಿದ್ದಳು. 'ಲಾಭ, ಎರಡು, ಮೂರು' ಎಂದು ಎಣಿಸುವಷ್ಟರಲ್ಲಿ ಅವಳ ಮೊಣಕೈ ಬಾತುಕೊಳ್ಳುತ್ತಿತ್ತು. (ರಾಶಿಯಲ್ಲಿ ಮೊದಲನೆಯದಕ್ಕೆ 'ಒಂದು' ಅಂತ ಬಾಯಿ ತಪ್ಪಿ ಅಂದಿದ್ದಕ್ಕೆ ಚಿಕ್ಕಂದಿನಲ್ಲಿ ನನ್ನ ತಲೆಗೆ ಅವಳು ಮೊಟಕಿದ್ದು ಈಗಲೂ ನೋಯುತ್ತದೆ. ಲಾಭ ಅನ್ನಬೇಕು.) ಆ ಕೈ ನೋಡಲಾರದೆ ಮಾಡಿದ ಯಂತ್ರ ಅದು. ಮೇಲೆ ತಗಡಿನ ಬುಟ್ಟಿ, ನಡುವೆ ಹಳೇ ಮಿಕ್ಸರಿನ ಮೋಟಾರಿಗೆ ಕಟ್ಟಿದ ತಿರುಗುವ ತಟ್ಟೆ, ಕೆಳಗೆ ಮೂರು ಬಾಯಿ, ಮೂರು ಚೀಲ. ತೂಕಕ್ಕೆ ಇಟ್ಟರೆ ಮೂರೂ ಸಮ ಬಂದವು. ನೀನೇ ನೋಡಿದಿ.

ಮಂದಿ ನೋಡಿ ಖುಷಿಪಡಲಿ ಎಂದು ಕಾಲ್ಕುಲೇಟರ್ ಅಂಟಿಸಿದ್ದೇ ತಪ್ಪಾಯಿತು. ಪೂರಾ ರಾಶಿ ಅಂದರೆ 1. ಒಂದೊಂದು ಬಾಯಿಗೆ 0.3333333 ಎಂದು ತೋರಿಸಿತು. ಮೂರೂ ಕೂಡಿಸಿದಾಗ 0.9999999 ಅಂದಿತು. ನೀನು ಇಡೀ ಕಣದ ಮುಂದೆ ಕೇಳಿದಿ: "ಒಂದು ಆಗಬೇಕಿತ್ತಲ್ಲೋ ತಮ್ಮಾ. ಉಳಿದದ್ದು ಎಲ್ಲಿ ಹೋತು?" ಬಾಜೂ ಹೊಲದ ದತ್ತಪ್ಪ ಕಾಕಾ, "ಎಲ್ಲಿ ಹೋಗತದ ಬೇ, ಯಂತ್ರ ಮಾಡಿದಂವನ ಕಿಸೇದಾಗ!" ಅಂದ. ಕಣವೆಲ್ಲ ನಕ್ಕಿತು. ನೀನೂ ನಕ್ಕಿ.

ಮನೆಗೆ ಬಂದು ಕಿಸೆ ಝಾಡಿಸಿದೆ. ಎರಡು ತೊಗರಿ ಕಾಳು ಬಿದ್ದವು. ಯಾವಾಗ ಹೊಕ್ಕವೋ ಅವಕ್ಕೇ ಗೊತ್ತು. ಈ ಪತ್ರದ ಜೊತೆ ಇಟ್ಟಿದ್ದೇನೆ. ಇವೆರಡರಿಂದ ಲೆಕ್ಕ ಪೂರ್ತಿಯಾಗುತ್ತದೋ ಇಲ್ಲವೋ ತಿಳಿಯದು.

ಚಂದ್ರಾಮ


ನೆಲೋಗಿ
2 ಫೆಬ್ರುವರಿ 2025

ತಮ್ಮ ಚಂದ್ರಾಮನಿಗೆ,

ಕಾಳು ಮುಟ್ಟಿದವು. ಅವ್ವ ಅವನ್ನು ಕೋಳಿಗೆ ಹಾಕಿದಳು.

ನಾನು ನಕ್ಕದ್ದು ನಿನ್ನ ಮುಖ ನೋಡಿ. ಕೇಳಿದ್ದು ಬರೀ ಕೇಳಿದ್ದು. ಉತ್ತರ ಗೊತ್ತಿದ್ದರೆ ಬರೆ, ಇಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆ. ಉದ್ದಕ್ಕೆ ಬರೆಯಲು ನನಗೆ ಪುರಸೊತ್ತಿಲ್ಲ. ಸ್ವಲ್ಪ ಕೆಲಸ ಹಿಡಿದಿದ್ದೇನೆ. ಏನು ಕೆಲಸ ಅಂತ ಕೇಳಬೇಡ.

ದ್ರೌಪದಿ


ಅತನೂರ
20 ಫೆಬ್ರುವರಿ 2025

ಅಕ್ಕನಿಗೆ ಜೈಭೀಮ್.

'ಕೇಳಬೇಡ' ಅಂದರೆ ನನಗೆ ಅನ್ನ ಇಳಿಯುವುದಿಲ್ಲ ಅಂತ ನಿನಗೆ ಗೊತ್ತಿದ್ದೇ ಬರೆದಿ. ಬಳೆ ಮಾರುವ ಖಾಸೀಂಬಿ ಚಾಚಿ ಮೊನ್ನೆ ನನ್ನ ರಿಪೇರಿ ಅಂಗಡಿಗೆ ಬಂದಿದ್ದಳು. "ನಿಮ್ಮ ಅಕ್ಕ ದಿನಾ ಜೇವರ್ಗಿ ಬಸ್ಸಿಗೆ ಹೊಂಟಾಳ್ರಿ, ಬಗಲಾಗ ಕಾಗದದ ಚೀಲ. ಏನವ್ವಾ ಅಂತ ಕೇಳಿದ್ರ ಮುಚ್ಚಿಕೊಂಡಳು" ಅಂದಳು. ಅಕ್ಕಾ, ವಕೀಲರ ಹತ್ತಿರ ಹೋಗುತ್ತಿದ್ದೀಯಾ? ಹೊಲ ಪಾಲು ಮಾಡಿಸುತ್ತೀಯಾ? ಅವ್ವ ಇರುವಾಗಲೇ? ಹೊಲ ಮೂರು ಮಾಡಿದರೂ ಇದೇ ತಕರಾರು ಬರುತ್ತದೆ, ನೋಡು.

ಕೇಳಿದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿಲ್ಲ. ಆರನೆಯದಕ್ಕೆ ಬಿಟ್ಟು, ಮತ್ತೆ ಸೇರಿ, ಎಂಟನೆಯದಕ್ಕೆ ಮತ್ತೆ ಬಿಟ್ಟವನು ನಾನು. ಭಿನ್ನರಾಶಿ ಕಲಿಸಿದ ವಾರ ಎರಡು ಸಲವೂ ನಾನು ಶಾಲೆಯಲ್ಲಿರಲಿಲ್ಲ. ಆದರೆ ಒಂದು ಪರೀಕ್ಷೆ ಮಾಡಿದೆ. ನನ್ನ ಕಾಲ್ಕುಲೇಟರಿನ ಕಿಟಕಿ ಸಣ್ಣದು. ಟೆಂಪೋ ಹೊಡೆಯುವ ಖುರ್ಷಿದ ಭಾಯಿಯದು ಅದಕ್ಕಿಂತ ದೊಡ್ಡದು. ಗೊಬ್ಬರದ ಅಂಗಡಿಯಲ್ಲಿ ಇನ್ನೂ ಅಗಲದ್ದು ಇದೆ. ಒಂದನ್ನು ಮೂರರಿಂದ ಭಾಗಿಸಿ, ಬಂದದ್ದನ್ನು ಮೂರು ಸಲ ಕೂಡಿಸಿದೆ. ಎಲ್ಲದರಲ್ಲೂ ಒಂಬತ್ತುಗಳೇ, ಆದರೆ ಕಿಟಕಿ ಅಗಲವಾದಷ್ಟೂ ಒಂಬತ್ತು ಹೆಚ್ಚು, ಕೊರತೆ ಕಡಿಮೆ. ಅಂದರೆ ಅದೇ ತೊಗರಿ, ಅದೇ ಚೀಲ, ಸಣ್ಣ ಕಾಲ್ಕುಲೇಟರ್ ಇಟ್ಟರೆ ನಾನು ದೊಡ್ಡ ಕಳ್ಳ, ದೊಡ್ಡದು ಇಟ್ಟರೆ ಸಣ್ಣ ಕಳ್ಳ! ಇದೆಂಥ ನ್ಯಾಯ? ಖುರ್ಷಿದ ಭಾಯಿ, "ಛೋಡೋ ಚಂದ್ರಾಮ, ಇನ್ನೂ ದೊಡ್ಡದು ತಗೊಂಡ್ರ ನೀ ಸಾಧುನೇ ಆಗ್ತಿ" ಅಂದ.

ವಕೀಲರ ವಿಷಯ ಮಾತ್ರ ಬೇಗ ಬರೆ.

ಚಂದ್ರಾಮ


ಅತನೂರ
6 ಏಪ್ರಿಲ್ 2025

ಅಕ್ಕಾ,

ಉತ್ತರ ಇಲ್ಲ. ಪೋಸ್ಟಿನವನನ್ನು ಕೇಳಿ ಕೇಳಿ, ಈಗ ಅವನು ನನ್ನ ಅಂಗಡಿಯ ಮುಂದೆ ಬರುವುದನ್ನೇ ಬಿಟ್ಟು ಹಿಂದಿನ ಓಣಿಯಿಂದ ಹೋಗುತ್ತಾನೆ.

ಪಾಲು ಮಾಡಿಸುವುದಾದರೆ ನನ್ನ ಪಾಲನ್ನೂ ನೀವಿಬ್ಬರು ಅಕ್ಕಂದಿರೇ ಬರೆಸಿಕೊಳ್ಳಿ. ಮೂರರ ಬದಲು ಎರಡೇ ಪಾಲಾದರೆ 0.5 ಆಗುತ್ತದೆ, ಏನೂ ಉಳಿಯುವುದಿಲ್ಲ. ಅವ್ವನ ಕಣಕ್ಕೆ ಬರಲು ಒಂದು ಸಂದು ಬಿಟ್ಟರೆ ಸಾಕು.

ಮೂರ್ಬಾಯಿ ಚೆನ್ನಾಗಿದೆ. ಬಟ್ಟೆ ಮುಚ್ಚಿ ಇಟ್ಟಿದ್ದೇನೆ.

ಚಂದ್ರಾಮ


ನೆಲೋಗಿ
6 ಜುಲೈ 2025

ಹುಚ್ಚ ತಮ್ಮನಿಗೆ,

ವಕೀಲ! ನಿನ್ನ ಎರಡೂ ಪತ್ರ ಅವ್ವನಿಗೆ ಓದಿ ಹೇಳಿದೆ. "ಅಂವಗ ಫಿಕರ್ ಮಾಡಾಕ ಒಂದು ಯಂತ್ರ ಮಾಡಿಕೊಳ್ಳಂತ ಹೇಳು, ಕೈ ಖಾಲಿ ಆಗತದ" ಅಂದಳು.

ಈಗ ಹೇಳುತ್ತೇನೆ ಕೇಳು. ನಾನು ಹತ್ತನೆಯ ತರಗತಿ ಪಾಸಾದೆ. ಹೊರಗಿನಿಂದ ಪರೀಕ್ಷೆಗೆ ಕಟ್ಟಿ, ಈ ವಯಸ್ಸಿನಲ್ಲಿ. ಚೀಲದಲ್ಲಿದ್ದದ್ದು ಪುಸ್ತಕ. ಜೇವರ್ಗಿಯಲ್ಲಿ ಒಬ್ಬ ಮೇಡಂ ಸಂಜೆ ಪಾಠ ಹೇಳಿಕೊಟ್ಟರು. ಮೊದಲ ಸಲ ಗಣಿತ ಒಂದು ಹೋಯಿತು. ಅದಕ್ಕೇ ನಿನ್ನ ಏಪ್ರಿಲ್ ಪತ್ರಕ್ಕೂ ಉತ್ತರ ಬರೆಯಲಿಲ್ಲ, ಫೇಲಾದ ಮುಖ ಕಾಗದದಲ್ಲೂ ಕಾಣುತ್ತದೆ. ಎರಡನೆಯ ಸಲ ಅದೂ ಆಯಿತು. ಮೊದಲೇ ಹೇಳಿದ್ದರೆ ನನ್ನ ಪರೀಕ್ಷೆಗೆ ನೀನು ಜ್ವರ ಬಂದು ಮಲಗುತ್ತಿದ್ದಿ.

ಜನವರಿಯಲ್ಲಿ ನಾನು ಓದುತ್ತಿದ್ದ ಪಾಠವೇ ಅದು, ಮುಗಿಯದ ದಶಮಾಂಶ. ಮೂರು ಸಲ ಓದಿದರೂ ತಲೆಗೆ ಹತ್ತಿರಲಿಲ್ಲ. ಕಣಕ್ಕೆ ಬಂದರೆ ಪುಸ್ತಕದಲ್ಲಿದ್ದದ್ದೇ ನಿನ್ನ ಯಂತ್ರದ ಹಣೆಯ ಮೇಲೆ ಕುಳಿತಿತ್ತು. ತಡೆಯಲಾರದೆ ಕೇಳಿಬಿಟ್ಟೆ. ಇಡೀ ಕಣದಲ್ಲಿ ಉತ್ತರ ಹೇಳುವವನು ನೀನೊಬ್ಬನೇ ಎಂದು ನಂಬಿ ನಿನ್ನನ್ನು ಕೇಳಿದೆ. ನೀನು ರಾಶಿ ಮುಟ್ಟಿ ಆಣೆ ಮಾಡಿ ಬಸ್ಸು ಹತ್ತಿದಿ.

ಈಗ ಉತ್ತರ ನನ್ನ ಹತ್ತಿರ ಇದೆ. ಒಂಬತ್ತುಗಳು ನಿಲ್ಲದೆ ಹೋಗುತ್ತಲೇ ಇವೆ ಎಂದು ಹಿಡಿ: 0.999… ಹತ್ತರಿಂದ ಗುಣಿಸು, 9.999… ಆಯಿತು. ಅದರಲ್ಲಿ ಮೊದಲಿನದನ್ನು ಕಳೆ. ಚುಕ್ಕೆಯ ಆಚೆಯ ಬಾಲಕ್ಕೆ ಬಾಲ ಹೋಯಿತು, ಬರೀ 9 ಉಳಿಯಿತು. ಹತ್ತು ಪಟ್ಟಿನಲ್ಲಿ ಒಂದು ಪಟ್ಟು ಹೋಗಿ ಒಂಬತ್ತು ಪಟ್ಟು. ಒಂಬತ್ತು ಪಟ್ಟು ಸೇರಿ 9 ಆದರೆ ಒಂದು ಪಟ್ಟು ಎಷ್ಟು?

ಒಂದು. ಒಂದಕ್ಕೆ ಹತ್ತಿರ ಅಲ್ಲ, ಒಂದೇ. ನೀನು ಏನೂ ಕದ್ದಿಲ್ಲ.

ದ್ರೌಪದಿ, ಎಸ್ಸೆಸ್ಸೆಲ್ಸಿ


ಅತನೂರ
21 ಜುಲೈ 2025

ಎಸ್ಸೆಸ್ಸೆಲ್ಸಿ ಅಕ್ಕನಿಗೆ ಸಾವಿರ ಜೈಭೀಮ್!

ಪತ್ರ ಓದಿ ಅಂಗಡಿಗೆ ಬೀಗ ಹಾಕಿ, ಬೀದಿಗೆಲ್ಲ ಪೇಢೆ ಹಂಚಿದೆ. ಪೋಸ್ಟಿನವನಿಗೆ ಎರಡು.

ಅದೇ ಗುಂಗಿನಲ್ಲಿ ಆಳಂದದ ಪ್ರದರ್ಶನಕ್ಕೂ ಹೋಗಿ ಬಂದೆ. ರಮಾಬಾಯಿ ಅಕ್ಕನ ಮಹಿಳಾ ಸಂಘದವರು ಕರೆದಿದ್ದರು. ಮೂರು ಸಾಮಾನು ಒಯ್ದೆ. ಬಿಸಿಲಿಗೆ ಫ್ಯಾನಿನ ಟೊಪ್ಪಿಗೆ, ಹೊತ್ತು ಮೂಡುವಾಗ ಮಲಗಿದವನನ್ನು ಉರುಳಿಸುವ ಹೊರಸು, ಬೇರೆಯವರು ಮೆಟ್ಟಿದರೆ ಕೂಗುವ ಚಪ್ಪಲಿ. ಮಾದನಹಿಪ್ಪರಗಾದಿಂದ ಆಳಂದಕ್ಕೆ ಹೋಗುವ ಬಸ್ಸಿನಲ್ಲಿ ಚಪ್ಪಲಿ ತಾನೇ ಕೂಗಲು ಹತ್ತಿತು, ಕಂಡಕ್ಟರ್ ಎಲ್ಲರ ಚೀಲದಲ್ಲೂ ಹುಂಜ ಹುಡುಕಿದ. "ಹುಂಜ ಅಲ್ರೀ, ನನ್ನ ತಮ್ಮನ ಬುದ್ಧಿವಂತಿಕಿ" ಅಂದಳು ರಮಾಬಾಯಿ ಅಕ್ಕ. ಪ್ರದರ್ಶನದಲ್ಲಿ ಹೊರಸಿನ ಮುಂದೆ ಸಾಲು ನಿಂತಿತ್ತು, ಅಕ್ಕಾ. ದೊಡ್ಡ ಮನುಷ್ಯರೆಲ್ಲ ಮಲಗಿ, ಉರುಳಿ ಬಿದ್ದು, ನಕ್ಕು, ಮತ್ತೆ ಸಾಲಿನ ಹಿಂದೆ ಹೋಗಿ ನಿಂತರು. ಬಹುಮಾನವೂ ಬಂತು. 'ಮೂರ್ಬಾಯಿ ಯಾಕೆ ತರಲಿಲ್ಲ?' ಎಂದು ರಮಾಬಾಯಿ ಅಕ್ಕ ಕೇಳಿದಳು. ತಲೆನೋವು ಅಂದೆ.

ಲೆಕ್ಕದ ಮಾತು. ಬೈಯಬೇಡ. ಹತ್ತರಿಂದ ಗುಣಿಸಿದರೆ ಒಂಬತ್ತುಗಳು ಒಂದು ಮನೆ ಎಡಕ್ಕೆ ಸರಿಯುತ್ತವೆ, ಸರಿ. ಆಗ ಕೊನೆಯಲ್ಲಿ ಒಂದು ಮನೆ ಖಾಲಿ ಬೀಳುತ್ತದಲ್ಲ? ಅಲ್ಲಿ ಸೊನ್ನೆ ಬರಬೇಕು. ಆ ಸೊನ್ನೆಯ ಹಿಂದೆ ಕೊರತೆ ಅಡಗಿ ಕುಳಿತಿದ್ದರೆ? ಇದೊಂದೇ ನನ್ನನ್ನು ತಿನ್ನುತ್ತಿದೆ.

ಚಂದ್ರಾಮ


ನೆಲೋಗಿ
10 ಆಗಸ್ಟ್ 2025

ತಮ್ಮಾ,

ಯಾವ ಕೊನೆ?

ನಿಲ್ಲದೆ ಹೋಗುವುದಕ್ಕೆ ಕೊನೆ ಎಲ್ಲಿಂದ ತಂದಿ? ಕೊನೆ ಇರುವುದು ಕಾಲ್ಕುಲೇಟರಿನ ಕಿಟಕಿಗೆ. ಕಿಟಕಿ ಮುಗಿಯಿತು ಎಂದರೆ ಹೊರಗಿನ ಹೊಲ ಮುಗಿಯಿತೇನು? ಇದನ್ನು ನೀನೇ ಫೆಬ್ರುವರಿಯಲ್ಲಿ ಕಂಡುಹಿಡಿದು ನನಗೆ ಬರೆದಿದ್ದಿ. ದೊಡ್ಡ ಕಿಟಕಿಗೆ ಸಣ್ಣ ಕಳ್ಳ ಅಂತ. ನಿನ್ನ ಆ ಮಾತು ಮೇಡಂಗೆ ಹೇಳಿದೆ. ಅವರು ಹಲಗೆಯ ಮೇಲೆ ಬರೆಸಿ ಎಲ್ಲರಿಗೂ ಓದಿಸಿದರು. ಗಣಿತದಲ್ಲಿ ನಾನು ಪಾಸಾದದ್ದರಲ್ಲಿ ನಿನ್ನದೂ ಒಂದು ಪಾಲಿದೆ.

ಜನವರಿಗೆ ಮೂರ್ಬಾಯಿ ತಗೊಂಡು ಬಾ. ಕಾಲ್ಕುಲೇಟರ್ ಕೀಳಬೇಡ. ಅದೇ ಒಂಬತ್ತುಗಳು, ಅದೇ ಕಣ, ಅದೇ ದತ್ತಪ್ಪ ಕಾಕಾ ನನಗೆ ಬೇಕು. ಕಾಕಾ ನಿನ್ನ ಮಾತು ಇನ್ನೂ ಬಿಟ್ಟಿಲ್ಲ. ಅವ್ವ ಬಾವಿಗೆ ಹೋದರೂ "ನಿಂಬೆವ್ವಾ, ಕಿಸೆ ಬಿಗಿ ಹಿಡಕೋ, ನಿನ್ನ ಮಗ ಬಂದಾನು" ಅಂತಾನೆ. ಅವ್ವ ನಗುತ್ತಾಳೆ. ಮನೆಗೆ ಬಂದ ಮೇಲೆ ಸುಮ್ಮನೆ ಕೂರುತ್ತಾಳೆ. ಇದನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ.

ದ್ರೌಪದಿ


ಅತನೂರ
28 ಡಿಸೆಂಬರ್ 2025

ಅಕ್ಕನಿಗೆ ಜೈಭೀಮ್.

ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂದರೆ, ಮೂರ್ಬಾಯಿ ಇರಲೇ ಇಲ್ಲ. ಹೋದ ಜನವರಿಯಲ್ಲೇ ಬಿಚ್ಚಿ ಹಾಕಿದ್ದೆ. ಬಟ್ಟೆ ಮುಚ್ಚಿ ಇಟ್ಟಿದ್ದೇನೆ ಅಂತ ಬರೆದದ್ದು ಸುಳ್ಳು. ಆಳಂದದಲ್ಲಿ ಮಂದಿ ಉರುಳಿ ಬಿದ್ದು ನಕ್ಕ ಆ ಹೊರಸಿನಲ್ಲಿದ್ದದ್ದು ಅದರದೇ ಮೋಟಾರು. ಅವ್ವ ಸುಮ್ಮನೆ ಕೂರುತ್ತಾಳೆ ಅಂತ ನೀನು ಬರೆದ ದಿನವೇ ಹೊರಸು ಬಿಚ್ಚಿ ಮೂರ್ಬಾಯಿಯನ್ನು ಮತ್ತೆ ಕಟ್ಟಲು ಕುಳಿತೆ. ಈ ಸಲ ತಟ್ಟೆಗೆ ನೀರಿನ ಮಟ್ಟ ಹಿಡಿದಿದ್ದೇನೆ. ಬಾಯಿಗಳ ಅಂಚು ಉಜ್ಜಿ ಉಜ್ಜಿ ಕನ್ನಡಿ ಆಗಿದೆ. ಕಾಲ್ಕುಲೇಟರ್ ಅಲ್ಲೇ ಇದೆ.

ಖುರ್ಷಿದ ಭಾಯಿಯ ಟೆಂಪೋದಲ್ಲಿ ಕಳಿಸುತ್ತಿದ್ದೇನೆ. ಭೀಮಾ ದಾಟುವಾಗ ಸೇತುವೆಯ ಮೇಲೆ ಸಾವಕಾಶ ಹೊಡಿ ಅಂದೆ. "ನನ್ನ ಮದಿವಿ ದಿನಾನೂ ಇಷ್ಟು ಸಾವಕಾಶ ಹೊಡದಿಲ್ಲ" ಅಂದ. ನೀನು ನೋಡಿಕೊಳ್ಳಬೇಕಾದದ್ದು: ಒದ್ದೆ ಕಾಳು ಹಾಕಬೇಡ. ಕಡ್ಡಿ ಸಿಕ್ಕರೆ ಮೊದಲು ಮೋಟಾರು ಬಂದ್ ಮಾಡು, ಆಮೇಲೆ ಕೈ ಹಾಕು. ಕೈ ಹಾಕಲೇಬೇಡ. ಗಾಳಿ ಜೋರಾದರೆ ಪಡದೆ ಕಟ್ಟು. ಅವ್ವ ದೂರ ಕೂರಲಿ, ಬಹಳ ದೂರವೂ ಬೇಡ.

ನಾನು ಬರುವುದಿಲ್ಲ. ಆಣೆ ಇದೆಯಲ್ಲ. ಉಳಿದದ್ದನ್ನು ತೋರಿಸುವ ತನಕ ಮಾತಾಡುವುದಿಲ್ಲ ಅಂದಿದ್ದೆ. ಈಗ ನೋಡಿದರೆ ಉಳಿದದ್ದೇ ಇಲ್ಲ ಅಂತ ನೀನು ಸಾಧಿಸಿದ್ದೀ. ಇಲ್ಲದ್ದನ್ನು ನಾನು ಎಲ್ಲಿಂದ ತಂದು ತೋರಿಸಲಿ? ನೀನು ನನ್ನನ್ನು ಕಳ್ಳತನದಿಂದ ಬಿಡಿಸಿ ಆಣೆಯಲ್ಲಿ ಸಿಕ್ಕಿಸಿದಿ. ಕಣಕ್ಕೆ ಬಂದರೆ ನನ್ನ ಬಾಯಿ ನಿನ್ನ ಮುಂದೆ ಸುಮ್ಮನಿರುವುದಿಲ್ಲ. ಈ ಫಿಕರಿಗೆ ನಿನ್ನ ಪುಸ್ತಕದಲ್ಲಿ ಉತ್ತರ ಇದೆಯಾ?

ಚಂದ್ರಾಮ


ನೆಲೋಗಿ
12 ಜನವರಿ 2026

ನನ್ನ ತಮ್ಮ ಚಂದ್ರಾಮನಿಗೆ,

ಪತ್ರ ನಿಂತು ಓದಬೇಡ, ಕುಳಿತುಕೋ.

ನಿನ್ನೆ ರಾಶಿಯಾಯಿತು. ಮೂರ್ಬಾಯಿಗೆ ಏನೂ ಆಗಿಲ್ಲ, ಮೊದಲು ಅದನ್ನು ಹೇಳಿಬಿಡುತ್ತೇನೆ. ತೊಗರಿ ಬೀಳುವ ಸಪ್ಪಳ ಸೋನೆ ಮಳೆಯಂತೆ ಇತ್ತು. ಮೂರೂ ಚೀಲ ತೂಕಕ್ಕೆ ಇಟ್ಟೆವು, ಮುಳ್ಳು ಮೂರಕ್ಕೂ ಒಂದೇ ಗೆರೆಗೆ ನಿಂತಿತು. ಆಮೇಲೆ ಕಾಲ್ಕುಲೇಟರ್ ತನ್ನ ಹಳೇ ಹಾಡು ಹಾಡಿತು. 0.9999999.

ದತ್ತಪ್ಪ ಕಾಕಾ ಅದಕ್ಕೇ ಕಾದಿದ್ದ. "ಏನ್ ಬೇ ದ್ರೌಪದಿ, ಈ ವರ್ಷನೂ ಉಳದದ್ದು ಸಿಗಲಿಲ್ಲೇನ? ಅಂವ ಊರಾಗಿಲ್ಲ ಅಂದ್ರೂ ಅವನ ಕಿಸೆ ಕೆಲಸಾ ಮಾಡಾಕತ್ತದ!"

ಮಂದಿ ನಕ್ಕರು. ಅವ್ವ ಈ ಸಲ ನಗಲಿಲ್ಲ. ನಾನು ರಾಶಿಯ ಬಾಜೂ ಹೋಗಿ ನಿಂತೆ.

"ಎಷ್ಟು ಉಳದದ ಹೇಳ್ರಿ ಕಾಕಾ."

"ಎಷ್ಟಾರ ಇರವಲ್ದ್ಯಾಕ. ಒಂದು ಹಿಡಿ ಅನ್ನು."

"ಹಿಡಿ ಅಂದ್ರ ಭಾಳ ಆತ್ರಿ. ಇಲ್ಲಿ ಕಾಣೂ ಒಂಬತ್ತುಗೋಳೇ ಸಾಕು, ಹಿಡಿಗಿಂತ ಕಡಿಮಿ ಅದ."

"ಹಂಗಾದ್ರ ಒಂದು ಕಾಳು."

"ಇನ್ನೊಂದೆರಡು ಒಂಬತ್ತು ಹಚ್ಚರಿ. ಕಾಳಿಗಿಂತ ಕಡಿಮಿ ಆತು."

"ಕಾಳಿನ ಸಿಪ್ಪಿ."

"ಮತ್ತೆರಡು ಹಚ್ಚರಿ. ಒಂಬತ್ತಿಗೇನು ಬರಗಾಲಿಲ್ಲ, ಅವು ಮುಗಿಯಂಗೇ ಇಲ್ಲ."

"ಸಿಪ್ಪಿ ಮ್ಯಾಲಿನ ಧೂಳು!"

"ಹಚ್ಚರಿ ಇನ್ನೂ. ನೀವು ಎಷ್ಟು ಸಣ್ಣದರ ಹೆಸರು ಹೇಳ್ರಿ, ಅದಕ್ಕಿಂತ ಕಡಿಮಿ ಅಂತ ನಾ ತೋರಸ್ತೇನಿ."

ಕಾಕಾ ರುಮಾಲು ತೆಗೆದು ತಲೆ ಕೆರೆದುಕೊಂಡ. ಮಂದಿ ಈಗ ಅವನ ಬಾಯಿ ನೋಡುತ್ತಿದ್ದರು. ಕೊನೆಗೆ ಸಿಟ್ಟಿಗೆದ್ದು, "ಏನೂ ಇಲ್ಲದಷ್ಟು ಉಳದದ ಅಂತೀನಿ, ಆಗ ಏನ್ ಮಾಡ್ತಿ?" ಅಂದ.

"ಅದನ್ನೇ ನಾನೂ ಹೇಳಾಕತ್ತೇನಿ ಕಾಕಾ."

ತಮ್ಮಾ, ಕಣ ನಕ್ಕದ್ದು ನಿನಗೆ ಅತನೂರಿಗೆ ಕೇಳಬೇಕಿತ್ತು. ಕಾಕಾನೇ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ. ಆದರೂ ಹಟ ಬಿಡದೆ, "ಆತವ್ವಾ, ಆದ್ರ ಅದು ಒಂದು ಅಂತ ಬರದಿಲ್ಲಲ್ಲ" ಅಂದ.

ಆಗ ಅವ್ವ ಕುಳಿತಲ್ಲಿಂದ ಎದ್ದಳು. "ರಾಶ್ಯಾಗ ಒಂದಕ್ಕ ಒಂದು ಅಂತ ಯಾರಂತಾರೋ ದತ್ತಪ್ಪಾ? ನೀ ಅಂತಿಯೇನು? ನಿನ್ನ ಅಪ್ಪ ಅಂತಿದ್ದನೇನು? ಲಾಭ ಅಂತೀವಿ. ಲಾಭ ಅಂದ್ರ ಸೇರಿನಾಗ ಕಡಿಮಿ ಬೀಳತದೇನು? ನನ್ನ ಮಗನ ಯಂತ್ರ ತನ್ನ ಮಾತಿನಾಗ ಲಾಭ ಅನ್ನಾಕತ್ತದ. ಚೀಲ ಕಟ್ಟರಿ."

ಮೇಡಂ ನನಗೆ ಎರಡು ತಿಂಗಳು ಹೇಳಿಕೊಟ್ಟದ್ದು ಇದನ್ನೇ. ಒಂದೇ ಸಂಖ್ಯೆ, ಬರೆಯುವ ರೀತಿ ಎರಡು. ಅವ್ವ ಅದನ್ನು ಹುಟ್ಟಿದಾಗಿನಿಂದ ಎಣಿಸುತ್ತಲೇ ಇದ್ದಳು, ನಾವಿಬ್ಬರೂ ಕೇಳುತ್ತಲೇ ಇದ್ದೆವು.

ಸಂಜೆ ಕಾಕಾ ತಾನೇ ಬಂದ. ಅವನ ಮನೆಯಲ್ಲೂ ಮೂರು ಪಾಲು, ಮೂವರೂ ಗಂಡುಮಕ್ಕಳು, ಪಾಲಿನ ದಿನ ಬಡಿಗೆ ಎತ್ತುತ್ತಾರೆ, ನಿನಗೆ ಗೊತ್ತಲ್ಲ. "ಹುಡುಗಗ ಹೇಳವ್ವಾ, ನಾಳೆ ಇದು ನನ್ನ ಕಣಕ್ಕ ಬೇಕು" ಅಂದ. ನಾನು ಹೂಂ ಅಂದಿದ್ದೇನೆ. ಅವನ ಹಿಂದೆ ಇನ್ನೂ ಇಬ್ಬರು ಕಾಯುತ್ತಿದ್ದಾರೆ. ಈಗ ಕಣದಿಂದ ಕಣಕ್ಕೆ ಮೂರ್ಬಾಯಿ ಹೊರಟಿದೆ, ಹಿಂದೆ ಅವ್ವ, ಮದುಮಗನ ತಾಯಿಯ ಹಾಗೆ. ನಡೆಸುವವನು ಬರಬೇಕು.

ನಿನ್ನ ಆಣೆಗೆ ಪುಸ್ತಕದಲ್ಲಿ ಉತ್ತರ ಇಲ್ಲ. ಏನಾದರೂ ಹೊಸದು ಕಂಡುಹಿಡಿ. ಅದು ನಿನ್ನ ಕಸುಬಲ್ಲವೇ?

ದ್ರೌಪದಿ


ಅತನೂರ
18 ಜನವರಿ 2026

ಅಕ್ಕನಿಗೆ ಜೈಭೀಮ್.

ಕುಳಿತೇ ಓದಿದೆ. ಓದಿ ಎದ್ದು ನಿಂತೆ. ಅವ್ವ 'ನನ್ನ ಮಗನ ಯಂತ್ರ' ಅಂದ ಜಾಗವನ್ನು ಖುರ್ಷಿದ ಭಾಯಿಗೆ ಎರಡು ಸಲ ಓದಿ ಹೇಳಿದೆ. ಮೂರನೆಯ ಸಲ ಅವನೇ ಬಾಯಿಪಾಠ ಒಪ್ಪಿಸಿದ.

ಕಂಡುಹಿಡಿದೆ, ಅಕ್ಕಾ. ನನ್ನ ಎಲ್ಲ ಯಂತ್ರಗಳಿಗಿಂತ ಹಗುರವಾದದ್ದು. ಇದರೊಳಗೆ ಸಣ್ಣದೊಂದು ಲಕೋಟೆ ಇದೆ, ನೋಡು. ನಾಲ್ಕೂ ಕಡೆ ಗೋಂದು ಹಚ್ಚಿ ಬಿಗಿ ಮಾಡಿದ್ದೇನೆ, ದಾರಿಯಲ್ಲಿ ಸೋರದಿರಲಿ ಎಂದು. ಹೋದ ವರ್ಷದ ರಾಶಿಯಲ್ಲಿ ಉಳಿದದ್ದು ಪೂರಾ ಅದರೊಳಗೆ ಇದೆ, ಈ ವರ್ಷದ್ದೂ ಸೇರಿಸಿ. ಅವ್ವನ ಮುಂದೆ ಒಡೆ. ಸರಿಯಾಗಿ ನೋಡು. ದತ್ತಪ್ಪ ಕಾಕಾ ಇದ್ದರೆ ಅವನಿಗೂ ತೋರಿಸು.

ತೋರಿಸಿದೆ ಎಂದಾದರೆ ಆಣೆ ತೀರಿತು.

ಒಂದೇ ಒಂದು ಅಂಜಿಕೆ. ಪೋಸ್ಟಿನಲ್ಲಿ ಯಾರಾದರೂ ಒಡೆದು ಅದರಲ್ಲಿದ್ದದ್ದನ್ನು ತೆಗೆದುಕೊಂಡರೆ?

ಚಂದ್ರಾಮ


ನೆಲೋಗಿ
24 ಜನವರಿ 2026

ತಮ್ಮಾ,

ಲಕೋಟೆ ಮುಟ್ಟಿತು. ಅವ್ವ ಒಡೆದು, ಬೆರಳು ಹಾಕಿ ಮೂಲೆ ಮೂಲೆ ತಡವಿ, "ಬರೋಬ್ಬರಿ ಅದ" ಅಂದಳು. ಕಾಕಾ ಕೂಡ ಕನ್ನಡಕ ಹಾಕಿಕೊಂಡು ಇಣುಕಿ, ತಲೆಯಾಡಿಸಿದ. ಯಾರೂ ಏನೂ ಕದ್ದಿಲ್ಲ.

ಮುಂಜಾನೆಯಿಂದ ಫೋನ್ ಹಚ್ಚುತ್ತಿದ್ದೇನೆ. ಲಕೋಟೆ ಮುಟ್ಟಿತೋ ಇಲ್ಲವೋ ಗೊತ್ತಿಲ್ಲದೆ ಹೆಂಗ ಎತ್ತಲಿ ಅಂತ ಫೋನಿನ ಮುಂದೆ ಒದ್ದಾಡುತ್ತಾ ಕುಳಿತಿರುತ್ತೀ ಅಂತ ಅವ್ವ ಅಂದಳು. ಅದಕ್ಕೇ ಈ ಕಾರ್ಡು.

ಮುಟ್ಟಿದೆ. ಇನ್ನಾದರೂ ಎತ್ತೋ.

ದ್ರೌಪದಿ